ಬಾಯಿಗಿಟ್ಟ ರೀಡು

ಹಾರ್ಮೋನಿಯಂ ರಿಪೇರಿಯಲ್ಲಿ ಬಾಯಿಗೂ ಕೆಲಸ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಪೆಟ್ಟಿಗೆಯೊಳಗೆ ಹಿತ್ತಾಳೆಯ ಸಣ್ಣ ಸಣ್ಣ ಪಟ್ಟಿಗಳಿರುತ್ತವೆ, ಒಂದೊಂದರಲ್ಲೂ ಒಂದು ತೆಳು ನಾಲಗೆ. ಅದೇ ರೀಡು. ಗಾಳಿ ನುಗ್ಗಿದಾಗ ಆ ನಾಲಗೆ ಅದುರಿ ಸ್ವರ ಹೊರಡುತ್ತದೆ. ಸ್ವರ ಸರಿಯಿದೆಯೋ ಇಲ್ಲವೋ ತಿಳಿಯಬೇಕಾದರೆ ರೀಡನ್ನು ಬಿಚ್ಚಿ, ತುಟಿಗಳ ನಡುವೆ ಇಟ್ಟುಕೊಂಡು, ಮೆಲ್ಲಗೆ ಊದಿ ಕೇಳಬೇಕು. ಚಾಮರಾಜನಗರದಲ್ಲಿ ನಾನು ಕೆಲಸ ಕಲಿತ ಅಂಗಡಿಯ ಯಜಮಾನರು ದಿನಕ್ಕೆ ಐವತ್ತು ಸಲ ಹೀಗೆ ಊದುತ್ತಿದ್ದರು. ನಾನು ಒಂದೇ ಒಂದು ಸಲ ಊದಿದ್ದಕ್ಕೆ ಆ ರೀಡನ್ನು ಪೆಟ್ರೋಲಿನಲ್ಲಿ ಅದ್ದಿಸಿ ತೊಳೆಸಿದರು.

ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಅಂತ ಇದನ್ನು ಬರೆಯುತ್ತಲೂ ಇಲ್ಲ.

ನಾನು ಆ ಅಂಗಡಿಗೆ ಸೇರಿದ್ದು ಹೊಲಿಗೆಗೆ. ತಬಲಕ್ಕೆ ಗವಸು, ಹಾರ್ಮೋನಿಯಂಗೆ ದಪ್ಪ ಬಟ್ಟೆಯ ಚೀಲ. ಉಮ್ಮತ್ತೂರಿನಿಂದ ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಕೈ ಚುರುಕಾಗಿದೆ ಅಂತ ಯಜಮಾನರು ಆರು ತಿಂಗಳಲ್ಲಿ ನನ್ನನ್ನು ತಿದಿಯ ಕೆಲಸಕ್ಕೆ ಹಾಕಿದರು. ತಿದಿ ಅಂದರೆ ಪೆಟ್ಟಿಗೆಯ ಹಿಂದೆ ಕೈಯಲ್ಲಿ ಒತ್ತಿ ಗಾಳಿ ತುಂಬುವ ಮಡಿಕೆ. ಇಲಿ ಕಡಿದದ್ದು, ನುಸಿ ತಿಂದದ್ದು, ಭಜನೆಮನೆಯ ದೀಪದೆಣ್ಣೆ ಕುಡಿದು ಗಟ್ಟಿಯಾದದ್ದು, ಎಲ್ಲ ಬರುತ್ತಿದ್ದವು. ಹಳೆಯ ಚರ್ಮ ಕಿತ್ತು, ಅಂಚು ತೆಳ್ಳಗೆ ಕೆತ್ತಿದ ಹೊಸ ಚರ್ಮವನ್ನು ಮರವಜ್ರದ ಬಿಸಿ ಅಂಟಿನಿಂದ ಕೂರಿಸಬೇಕು. ಅಂಟು ಆರುವುದರೊಳಗೆ ಮಡಿಕೆ ಎಳೆಯಬಾರದು. ಆಮೇಲೆ ಯಾವ ಮನೆಯನ್ನೂ, ಅಂದರೆ ಬೆರಳಿಟ್ಟು ನುಡಿಸುವ ಕೀಲಿಯನ್ನೂ, ಒತ್ತದೆ ತಿದಿ ತುಂಬಿಸಿ ಕೈಬಿಟ್ಟರೆ, ಇಪ್ಪತ್ತು ಎಣಿಸುವವರೆಗೆ ಅದು ಇಳಿಯಬಾರದು. ನನ್ನ ತಿದಿಗಳು ನಲವತ್ತು ಎಣಿಸಿದರೂ ನಿಲ್ಲುತ್ತಿದ್ದವು. ಇದನ್ನು ಜಂಬವಾಗಿಯೇ ಹೇಳುತ್ತಿದ್ದೇನೆ, ಆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ತಿದಿ ಕಲಿತವಳಿಗೆ ರೀಡು ಬೇಕು ಅನ್ನಿಸದೇ ಇರುತ್ತದೆಯೇ? ಒಂದು ಮಧ್ಯಾಹ್ನ ಬಿಚ್ಚಿಟ್ಟಿದ್ದ ರೀಡೊಂದನ್ನು ಎತ್ತಿ ತುಟಿಗಿಟ್ಟು ಊದಿದೆ. ಎಷ್ಟು ಚೆನ್ನಾಗಿ ನುಡಿಯಿತು! ಯಜಮಾನರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಅದೇನ್ ಮಾಡ್ಬುಟ್ಟೆ ಅಮ್ಮಿ?"

"ಊದಿ ನೋಡ್ದೆ ಯಜಮಾನ್ರೇ. ನೀವ್ ಮಾಡಂಗೆ."

"ದೇವ್ರ ಮುಂದೆ ನುಡ್ಸೋ ಪೆಟ್ಗೆ ಕಣಮ್ಮಿ ಅದು! ಎಂಜ್ಲು ಮಾಡ್ಬುಟ್ಯಲ್ಲ!"

"ನೀವ್ ಊದುದ್ರೆ ಎಂಜ್ಲಾಗಕಿಲ್ವಾ?"

"ನನ್ದು ಬ್ಯಾರೆ" ಅಂದರು. "ತೊಳಿ ಅದ್ನ."

ತೊಳೆದೆ. ಎಂಜಲು ಅಂದದ್ದು ಹೆಂಗಸಿನ ಬಾಯಿಗೋ, ಉಮ್ಮತ್ತೂರಿನ ನಮ್ಮ ಬೀದಿಯ ಬಾಯಿಗೋ, ಅವರು ಬಿಡಿಸಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎರಡಕ್ಕೂ ಇರಬಹುದು ಅಂತ ಗೊತ್ತಿತ್ತು. ಅದೇ ಬಾಯಿಂದ ನಾನು ಊದಿ ಊದಿ ಉರಿಸಿದ ಒಲೆಯ ಮೇಲೆ ಕಾದ ಅಂಟು ಮಾತ್ರ ಅವರಿಗೆ ಆಗುತ್ತಿತ್ತು.

ಆದರೆ ಕೆಲಸ ಸಾಗಬೇಕಲ್ಲ. ಅಂಗಡಿಗೆ ಪೆಟ್ಟಿಗೆಗಳು ಹೆಚ್ಚು ಬರತೊಡಗಿದ್ದವು, ಅವರಿಗೆ ಕಣ್ಣು ಮಂಜಾಗುತ್ತಿತ್ತು. ಹಾಗಾಗಿ ಅವರೇ ಒಂದು ಉಪಾಯ ಮಾಡಿದರು. ಗುಜರಿಯಿಂದ ಹಳೇ ಆಟೋ ಹಾರನ್ನಿನ ರಬ್ಬರ್ ಚೆಂಡು ತಂದು, ಅದರ ಬಾಯಿಗೆ ಸೀಳಿರುವ ಮರದ ತುಂಡು ಸಿಕ್ಕಿಸಿ ನನ್ನ ಮುಂದಿಟ್ಟರು. ರೀಡನ್ನು ಸೀಳಿಗೆ ಒತ್ತಿ ಹಿಡಿದು ಚೆಂಡು ಹಿಂಡಬೇಕು. "ಇದ್ರಲ್ಲಿ ನೋಡ್ಕೊ. ಬಾಯ್ಗಿಡ್ಬ್ಯಾಡ" ಅಂದರು. ಅವತ್ತು ನನಗೆ ಅದು ಬಡ್ತಿಯ ಹಾಗೇ ಕಂಡಿತು. ನನ್ನ ಬುದ್ಧಿಗಿಷ್ಟು!

ರೀಡಿನ ಲೆಕ್ಕ ಸುಲಭ, ಕೈ ಕಷ್ಟ. ಸ್ವರ ಏರಿಸಬೇಕಾದರೆ ನಾಲಗೆಯ ತುದಿಯನ್ನು ಸಣ್ಣ ಅರದಿಂದ ಕೆರೆಯಬೇಕು, ಇಳಿಸಬೇಕಾದರೆ ಬುಡವನ್ನು. ಒಂದು ಗೀರು ಹೆಚ್ಚಾದರೂ ಮುಗಿಯಿತು, ಕೆರೆದುಹೋದ ಹಿತ್ತಾಳೆ ಮತ್ತೆ ಬೆಳೆಯುವುದಿಲ್ಲ. ಒಂದೊಂದು ಮನೆಗೂ ಎರಡೆರಡು ರೀಡು, ಜೋಡಿ. ಅವೆರಡರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸ್ವರ ವ್ಯಾಂ ವ್ಯಾಂ ಅಂತ ಅಲ್ಲಾಡುತ್ತದೆ. ಆ ಅಲ್ಲಾಟ ನಿಲ್ಲಿಸುವುದೇ ಶ್ರುತಿ ಮಾಡುವುದು. ಗುಜರಿ ರೀಡುಗಳ ಮೇಲೆ ನಾಲ್ಕು ತಿಂಗಳು ಕೆರೆದು ಕಲಿತೆ.

ಆಗ ತೆರಕಣಾಂಬಿಯ ನಾಟಕದ ಮೇಷ್ಟ್ರು ತಮ್ಮ ಪೆಟ್ಟಿಗೆ ಹೊತ್ತುಕೊಂಡು ಬಂದರು. ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವವರು. ಗದೆ ಹಿಡಿಯಲು ಬರುವವನಿಗೆ ರಾಗ ಬಾರದು, ರಾಗ ಬರುವವನಿಗೆ ಮಾತು ನೆನಪಿರದು, ಅಂಥ ರೈತರನ್ನು ಕೂರಿಸಿಕೊಂಡು ಮೂರು ತಿಂಗಳು ತಿದ್ದುವ ಮನುಷ್ಯ. ಪೆಟ್ಟಿಗೆ ಅವರಿಗೆ ಹಾರ್ಮೋನಿಯಂ ಕಲಿಸಿದ ಗುರುಗಳದ್ದು. ಮರ ಸಾಧಾರಣ, ಆದರೆ ಒಳಗಿನ ರೀಡುಗಳು ಬಹಳ ಹಳೆಯವು, ಹೊರದೇಶದಿಂದ ಬಂದವು. ಅಂಥ ಹಿತ್ತಾಳೆ ಈಗ ಸಿಗುವುದಿಲ್ಲ. ಮೈಕಿಲ್ಲದೆ ನುಡಿಸಿದರೂ ಕೊನೆಯ ಸಾಲಿನವರಿಗೆ ಕೇಳುತ್ತಿತ್ತಂತೆ. ಅದರಲ್ಲಿ ಮಧ್ಯದ ಪಂಚಮ ಮಾತ್ರ ಅಲ್ಲಾಡುತ್ತಿತ್ತು. ಜೋಡಿಯಲ್ಲಿ ಒಂದು ರೀಡು ಇಳಿದಿತ್ತು.

ಮೇಷ್ಟ್ರು ಪೆಟ್ಟಿಗೆ ಬಿಟ್ಟು ಹೋದರು. ಯಜಮಾನರು ಆ ರೀಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ವಸಿ ಏರ್ಸು ನೋಡನ" ಅಂದರು. ಚೆಂಡು ಹಿಂಡಿ ಕೇಳಿದೆ, ತುದಿ ಕೆರೆದೆ. ಇನ್ನೂ ಇಳಿದೇ ಇತ್ತು. ಮತ್ತೆ ಕೆರೆದೆ. ಚೆಂಡಿನಲ್ಲಿ ಸರಿ ಅನ್ನಿಸುವವರೆಗೆ ಕೆರೆದು, ಪೆಟ್ಟಿಗೆಗೆ ಹಾಕಿ ತಿದಿ ಒತ್ತಿದರೆ ಮೊದಲಿಗಿಂತ ಕೆಟ್ಟದಾಗಿ ಅಲ್ಲಾಡಿತು. ಸ್ವರ ಹದ ಮೀರಿ ಏರಿಬಿಟ್ಟಿತ್ತು.

ಯಾಕೆ ಹಾಗಾಯಿತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ರಬ್ಬರ್ ಚೆಂಡು ಹಿಂಡಿದಾಗ ಗಾಳಿ ಜೋರಾಗಿ ನುಗ್ಗುತ್ತದೆ. ಜೋರು ಗಾಳಿಗೆ ರೀಡಿನ ಸ್ವರ ತುಸು ಇಳಿದು ಕೇಳುತ್ತದೆ. ಇಳಿಯದ ಸ್ವರವನ್ನು ಇಳಿದಿದೆ ಅಂದುಕೊಂಡು ನಾನು ಕೆರೆಯುತ್ತಲೇ ಹೋಗಿದ್ದೆ. ಬಾಯಿಯಾದರೆ ತಿದಿಯಷ್ಟೇ ಹದವಾಗಿ ಊದುತ್ತದೆ. ಅದು ಯಜಮಾನರಿಗೆ ಗೊತ್ತಿರಲಿಲ್ಲವೇ? ನಲವತ್ತು ವರ್ಷ ಊದಿದವರಿಗೆ?

ಅವತ್ತು ಅವರು ಬೈದದ್ದು ಮಾತ್ರ ಹೀಗೆ: "ಎಂಗಸ್ರ ಕೈಗೆ ಅರ ಕೊಟ್ರೆ ಇನ್ನೇನಾದದು? ಬೆಸ್ಗೆ ಆಕು, ತೂಕ ಬರ್ಲಿ." ಏರಿದ ರೀಡನ್ನು ಇಳಿಸಲು ತುದಿಯ ಮೇಲೆ ಬೆಸುಗೆಯ ಒಂದು ಹನಿ ಬಿಡುವುದು ಕೊನೆಯ ದಾರಿ. ಕಾದ ಕಡ್ಡಿಯನ್ನು ಅವಸರದಲ್ಲಿ ತಾಗಿಸಿದೆ. ಎಳ್ಳಿಗಿಂತ ಸಣ್ಣದಾಗಿ ಕೂರಬೇಕಿದ್ದ ಹನಿ ಎಡಕ್ಕೆ ಜಾರಿ ಬಾಲ ಬಿಟ್ಟುಕೊಂಡಿತು, ಗೊದಮೊಟ್ಟೆಯ ಹಾಗೆ. ಅಷ್ಟು ಅವಲಕ್ಷಣವಾದ ಬೆಸುಗೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಸ್ವರ ಹೇಗೋ ಕೂತಿತು. "ಮೇಷ್ಟ್ರಿಗೇಳ್ಬ್ಯಾಡ" ಅಂದರು ಯಜಮಾನರು. ನಾಚಿಕೆಯಿಂದ ನಾನೂ ಹೇಳಲಿಲ್ಲ. ಅದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಪೆಟ್ಟಿಗೆ ಇನ್ನೂ ಒಂದು ವಾರ ಅಂಗಡಿಯಲ್ಲೇ ಇತ್ತು. ನಾನು ರಜೆಯಲ್ಲಿದ್ದ ದಿನ ಮೇಷ್ಟ್ರು ಬಂದು ಒಯ್ದಿದ್ದರು.

ತಿಂಗಳಿಗೆ ಮೇಷ್ಟ್ರು ವಾಪಸ್ ಬಂದರು. ಪೆಟ್ಟಿಗೆಯನ್ನು ನೆಲಕ್ಕಿಡಲೂ ಇಲ್ಲ, ಎದೆಗವಚಿಕೊಂಡೇ ನಿಂತರು.

"ಪೆಟ್ಗೆ ನಂದೇ ಕಣಯ್ಯ, ಧ್ವನಿ ನಂದಲ್ಲ" ಅಂದರು. "ತಗಡು ಬಡ್ದಂಗ್ ಕೇಳ್ತದೆ. ನಮ್ ಗುರುಗಳ ಧ್ವನಿ ಎಲ್ಲೋಯ್ತು?"

ಯಜಮಾನರು ಒಂದು ಕ್ಷಣವೂ ತಡಮಾಡಲಿಲ್ಲ. ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದ ನನ್ನ ಕಡೆ ಕೈ ತೋರಿಸಿದರು. "ಏನೇಳನ ಮೇಷ್ಟ್ರೇ. ನಾನ್ ಇಲ್ದಾಗ ಈ ಎಣ್ಮಗ ರೀಡ್ಗೆಲ್ಲ ಅರ ಆಕ್ಬುಟ್ಟವ್ಳೆ. ಕಲಿಯೋ ಆಸೆ ನೋಡಿ. ಓಗಿದ್ದು ಓಯ್ತು, ಬುಡಿ."

ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಆ ಗಾದೆ ನನಗೆ ಆ ಕ್ಷಣ ಹೊಳೆಯಲಿಲ್ಲ. ಯಾಕೆಂದರೆ ಒಂದು ರೀಡಿಗೆ ನಾನು ಅರ ಹಾಕಿದ್ದು ನಿಜವೇ. "ಒಂದೇ ರೀಡು" ಅಂತ ಬಾಯಿ ತೆರೆದೆ. "ಸುಮ್ಕಿರಮ್ಮಿ" ಅಂದರು ಯಜಮಾನರು. ಮೇಷ್ಟ್ರು ನನ್ನನ್ನು ನೋಡಿದ ನೋಟ ಇದೆಯಲ್ಲ, ಬೈದಿದ್ದರೆ ವಾಸಿ ಇತ್ತು. ಪೆಟ್ಟಿಗೆ ಅವಚಿಕೊಂಡೇ ಮೆಟ್ಟಿಲಿಳಿದು ಹೋದರು. ಅವರ ಹಿಂದೆಯೇ ಮಾತೂ ಹೋಯಿತು. ನಾಟಕದವರೂ ಭಜನೆಯವರೂ ಅಂಗಡಿಗೆ ಬಂದರೆ, "ಆ ಎಣ್ಮಗ್ಳ ಕೈಗೆ ಮಾತ್ರ ಕೊಡ್ಬ್ಯಾಡಿ" ಅನ್ನತೊಡಗಿದರು. ರೀಡು ಕೆಡಿಸುವವಳು ಅಂತ ಹೆಸರು ಬಿದ್ದವಳಿಗೆ ಈ ಕಸುಬಿನಲ್ಲಿ ಅನ್ನವಿಲ್ಲ. ನನ್ನನ್ನು ಮತ್ತೆ ಗವಸಿಗೂ ತಿದಿಗೂ ಇಳಿಸಿದರು.

ಹೀಗಿರುವಾಗ ಗುಂಡ್ಲುಪೇಟೆಯ ಅರಿಸಿನದ ಸಾಹುಕಾರರೊಬ್ಬರ ಮನೆಯಿಂದ ಫೋನು ಬಂತು. ಶನಿವಾರದ ಭಜನೆಗೆ ನುಡಿಸುವ ಪೆಟ್ಟಿಗೆಯ ತಿದಿ ಬುಸುಗುಡುತ್ತಿದೆ, ಯಾರನ್ನಾದರೂ ಕಳಿಸಿ ಅಂತ. ಅವರು ತಂಡ ಕಟ್ಟಿಕೊಂಡು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗಿ ಭಜನೆ ಮಾಡುವವರು. ಯಜಮಾನರಿಗೆ ಅವತ್ತು ಕಣ್ಣಾಸ್ಪತ್ರೆ. "ಬರೀ ತಿದಿ ಕಣಮ್ಮಿ. ಒಳಗೇನೂ ಬಿಚ್ಬ್ಯಾಡ" ಅಂತ ಎರಡು ಸಲ ಹೇಳಿ ಕಳಿಸಿದರು. ಎರಡನೇ ಸಲ ಯಾಕೆ ಹೇಳಿದರು ಅಂತ ನಾನು ಬಸ್ಸಿನಲ್ಲಿ ಯೋಚಿಸಲಿಲ್ಲ.

ಸಾಹುಕಾರರು ಒಳ್ಳೆಯ ಮಾತಿನವರು. "ರೀಡು ಅಳೇ ಕಾಲದ್ದು ಕಣಮ್ಮ, ನಿಮ್ ಯಜಮಾನ್ರೇ ಉಡುಕಿ ಕೊಟ್ಟವ್ರೆ" ಅಂತ ಹೆಮ್ಮೆಯಿಂದ ಪೆಟ್ಟಿಗೆ ಮುಂದಿಟ್ಟರು. ತಿದಿಯ ಮೂಲೆ ಬಿರಿದಿತ್ತು. ಬಿರುಕು ಒಳಗಿನವರೆಗೂ ಹೋಗಿದ್ದರಿಂದ ರೀಡಿನ ಹಲಗೆ ಎತ್ತದೆ ಚರ್ಮ ಕೂರುವಂತಿರಲಿಲ್ಲ. ಎತ್ತಿದೆ. ಬೆಳಕಿಗೆ ಹಿಡಿದೆ. ಮಧ್ಯದ ಪಂಚಮದ ಮೇಲೆ ನನ್ನ ಗೊದಮೊಟ್ಟೆ ಕೂತಿತ್ತು.

ಎಡಕ್ಕೆ ಜಾರಿದ ಅದೇ ಬೆಸುಗೆ, ಅದೇ ಬಾಲ. ಅಕ್ಕಪಕ್ಕದ ರೀಡುಗಳು ಅದೇ ಕಂದು ಬಣ್ಣದ ಹಳೇ ಹಿತ್ತಾಳೆ. ಒಂದಕ್ಕೂ ಹೊಸ ಅರದ ಗೀರಿಲ್ಲ. ಮೇಷ್ಟ್ರ ಎಪ್ಪತ್ತೆಂಟು ರೀಡೂ ಇಲ್ಲಿದ್ದವು. ಹಾಗಾದರೆ ಮೇಷ್ಟ್ರ ಪೆಟ್ಟಿಗೆಯಲ್ಲಿ ತಗಡಿನ ಹಾಗೆ ನುಡಿಯುತ್ತಿದ್ದದ್ದು ಇವರ ಅಗ್ಗದ ರೀಡು! ಕದ್ದದ್ದು ಸಾಲದು ಅಂತ ಯಜಮಾನರು, ಕೆಡಿಸಿದವಳು ನಾನು ಅಂತ ಬೇರೆ ಹೇಳಿಕೊಂಡು ತಿರುಗಿದ್ದರು. ಎಂಜಲಂತೆ, ಎಂಜಲು! ಗುರುವಿನ ಧ್ವನಿ ಕದ್ದು ಮಾರಿದ ಕೈಗೆ ಯಾವ ಪೆಟ್ರೋಲು ಹಾಕಿ ತೊಳೆಯುವುದು?

ಸಾಹುಕಾರರಿಗೆ ಏನೂ ಹೇಳಲಿಲ್ಲ. ಚರ್ಮ ಕೂರಿಸಿ, ಹಗ್ಗ ಬಿಗಿದು, "ಅಂಟು ಆರ್ಬೇಕು, ನಾಳಿಕ್ ಬತ್ತೀನಿ" ಅಂದು ಹೊರಟೆ. ಚಾಮರಾಜನಗರದ ಬಸ್ಸು ತೆರಕಣಾಂಬಿ ಮೇಲೆಯೇ ಹೋಗುತ್ತದೆ. ಇಳಿಯಲೋ ಬೇಡವೋ ಅಂತ ಅಲ್ಲಿಯವರೆಗೂ ಒದ್ದಾಡಿದೆ. ಆ ರೀಡು ಮೇಷ್ಟ್ರದ್ದು ಅಂತ ಹೇಳಬೇಕಾದರೆ ಗುರುತು ಹೇಳಬೇಕು. ಗುರುತು ಅಂದರೆ ನಾನು ಕೆಡಿಸಿದ ಬೆಸುಗೆಯೇ. ಕೆಡಿಸಿದ್ದು ಹೌದು ಅಂತ ನನ್ನ ಬಾಯಿಂದಲೇ ಒಪ್ಪಿಕೊಂಡರೆ, ಜನ ಅದನ್ನಷ್ಟೇ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡುತ್ತಾರೆ. ಸುಮ್ಮನಿದ್ದರೆ ಗವಸು ಹೊಲಿಯುವ ಕೆಲಸವಾದರೂ ಉಳಿಯುತ್ತದೆ. ಕಂಡಕ್ಟರ್ "ತೆರ್ಕಣಾಂಬಿ, ತೆರ್ಕಣಾಂಬಿ" ಅಂತ ಕೂಗಿದ. ಎದ್ದು ಇಳಿದೆ.

ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಗಂಟಾಯಿತು. ನಿಂತೇ ಎಲ್ಲ ಹೇಳಿದೆ, ಬೆಸುಗೆಯದ್ದನ್ನೂ ಸೇರಿಸಿ.

"ಅಂಗಾರೆ ನೀನ್ ಕೆಡ್ಸಿದ್ ನಿಜ್ವಾ?" ಅಂದರು.

"ನಿಜ. ಒಂದ್ನ. ಮಿಕ್ಕ ಎಪ್ಪತ್ತೇಳ್ನ ನಾನ್ ಮುಟ್ಟೇ ಇಲ್ಲ."

ಮೇಷ್ಟ್ರು ಜಗಲಿಯಿಂದ ಎದ್ದು, "ನಾಳೆ ಎಷ್ಟೊತ್ತಿನ್ ಬಸ್ಗೆ ಓಗನ?" ಅಂದರು.

ಮರುದಿನ ಅವರ ಪೆಟ್ಟಿಗೆಯ ಸಮೇತ ಇಬ್ಬರೂ ಸಾಹುಕಾರರ ಮನೆಗೆ ಹೋದೆವು. ಎರಡು ಪೆಟ್ಟಿಗೆಯನ್ನೂ ಅಕ್ಕಪಕ್ಕ ಬಿಚ್ಚಿಟ್ಟೆ. ಸಾಹುಕಾರರು ಮೊದಲು ನಂಬಲಿಲ್ಲ, ಆಮೇಲೆ ರೇಗಿದರು. ಯಜಮಾನರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟರು.

"ಯಾರ್ ಏಳಿದ್ದು ಸಾವ್ಕಾರ್ರೇ? ಆ ಎಣ್ಣಾ?" ಫೋನಿನಲ್ಲಿ ಯಜಮಾನರು ನಕ್ಕರು. "ರೀಡ್ ಮ್ಯಾಲೆ ಏನ್ ಎಸ್ರು ಬರ್ದಿದ್ದದಾ?"

"ಎಸ್ರಿಲ್ಲ ಯಜಮಾನ್ರೇ" ಅಂದೆ. "ನಾನ್ ಕೆಡ್ಸಿದ್ದ ಗುರ್ತದೆ. ನೀವೇ ಮುಂದ್ ಕುಂತು ಬೆಸ್ಗೆ ಆಕ್ಸಿದ್ದು. ಬಾಲ ಇರೋದು. ಜ್ಞಾಪ್ಕ ಇಲ್ವಾ?"

ಯಜಮಾನರು, "ನಾಳಿಂದ ಅಂಗ್ಡಿ ಮೆಟ್ಲು ಅತ್ಬ್ಯಾಡ" ಅಂದು ಫೋನು ಇಟ್ಟರು. ಸಾಹುಕಾರರಿಗೆ ಅದೇ ಸಾಕಾಯಿತು. "ಥೂ, ಕದ್ದ ರೀಡ್ ಮಡಿಕ್ಕಂಡು ದೇವ್ರ್ ಮುಂದೆ ಕುಂತಿದ್ನಲ್ಲ ಇಷ್ಟ್ ದಿನ" ಅಂತ ಹಣೆ ಬಡಿದುಕೊಂಡರು. "ಅವ್ನ್ನ ನಾನ್ ನೋಡ್ಕತ್ತೀನಿ. ನೀನ್ ಇವತ್ತೇ ಇವ್ರವು ಇವ್ರಿಗ್ ಆಕ್ಕೊಟ್ಬುಡು ಕಣಮ್ಮ."

ಒಂದೊಂದೇ ರೀಡು ಬಿಚ್ಚಿ, ಸ್ವರ ನೋಡಿ, ಕಸ ಒರೆಸಿ, ಆ ಪೆಟ್ಟಿಗೆಯ ಅದೇ ಮನೆಗೆ ಕೂರಿಸಬೇಕು. ಚೀಲದಿಂದ ರಬ್ಬರ್ ಚೆಂಡು ಹೊರತೆಗೆದೆ, ನೋಡಿದೆ, ಪಕ್ಕಕ್ಕೆ ಎಸೆದೆ. ರೀಡನ್ನು ಬಾಯಿಗಿಟ್ಟೆ.

"ಅಯ್ಯಯ್ಯೋ, ಬಾಯ್ಗ್ಯಾಕಮ್ಮ?" ಅಂದರು ಸಾಹುಕಾರರು. "ಆ ಚೆಂಡು ಅದೆಯಲ್ಲ, ಅದ್ರಲ್ ನೋಡು."

"ಆ ಚೆಂಡಿಂದ್ಲೇ ಈ ಬೆಸ್ಗೆ ಬಂದಿದ್ದು ಸಾವ್ಕಾರ್ರೇ" ಅಂದೆ. ಅವರು ಮೇಷ್ಟ್ರ ಮುಖ ನೋಡಿ ಒಳಗೆ ಹೋದರು.

ಊದಿ ನೋಡಿದ ಮೊದಲ ರೀಡನ್ನು ಸಾಲಾಗಿ ಜೋಡಿಸಲಿ ಅಂತ ಮೇಷ್ಟ್ರ ಕೈಗೆ ಕೊಟ್ಟೆ. ಅವರು ಹೆಗಲ ಟವೆಲ್ಲಿನ ತುದಿ ಹಿಡಿದು ಒರೆಸಿದರು. ತೇವ ಆರಲಿ ಅಂತ ಒರೆಸಿದ್ದಲ್ಲ ಅದು, ಬೆರಳು ತಾಕದ ಹಾಗೆ ಹಿಡಿದಿದ್ದು ಕಂಡಿತು. ಕೆಲಸ ಹೋಯಿತು, ಹೆಸರು ಹೋಗಿತ್ತು, ಇವರ ಗುರುವಿನ ಧ್ವನಿ ಹುಡುಕಿ ಕೊಟ್ಟವಳು ನಾನು, ಇವರು ನನ್ನ ಎಂಜಲು ಒರೆಸುತ್ತಿದ್ದಾರೆ! "ಕೊಡಿ ಮೇಷ್ಟ್ರೇ, ಇನ್ನೂ ಆಗಿಲ್ಲ" ಅಂದೆ. ಮತ್ತೆ ಬಾಯಿಗಿಟ್ಟು ಊದಿ ಕೊಟ್ಟೆ. ಮತ್ತೆ ಒರೆಸಿದರು. "ಕೊಡಿ" ಅಂದೆ. ಮೂರನೇ ಸಲ ಕೊಟ್ಟಾಗ ಅವರ ಕೈ ಟವೆಲ್ಲಿನ ಮೇಲೆ ನಿಂತಿತು. ನನ್ನ ಮುಖ ನೋಡಿದರು.

"ಅಭ್ಯಾಸ ಕಣವ್ವ" ಅಂದರು.

"ಕೆಟ್ಟಭ್ಯಾಸ" ಅಂದೆ.

ಟವೆಲ್ಲನ್ನು ತೆಗೆದು ಕಿಟಕಿಯ ಸರಳಿಗೆ ಹಾಕಿದರು. ಸಂಜೆಯವರೆಗೂ ಅದು ಅಲ್ಲೇ ಇತ್ತು.

ಬೆಸುಗೆಯ ರೀಡನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬಾಯಿಗಿಟ್ಟು ಊದಿದರೆ ಅದು ಇನ್ನೂ ಕೂದಲೆಳೆಯಷ್ಟು ಇಳಿದಿತ್ತು. ಗೊದಮೊಟ್ಟೆಯ ಬಾಲಕ್ಕೆ ಎರಡು ಗೀರು ಕೊಟ್ಟೆ. ಮತ್ತೆ ಊದಿದೆ. ಪೆಟ್ಟಿಗೆಗೆ ಹಾಕಿ, ಜೋಡಿಯೊಂದಿಗೆ ನುಡಿಸಿದರೆ ಅಲ್ಲಾಟ ನಿಂತುಹೋಗಿತ್ತು. ಕೆಟ್ಟಿದೆ ಅಂತ ಎಲ್ಲರೂ ಹೇಳಿದ್ದ ರೀಡು, ನನ್ನ ಬಾಯಿ ತಗಲಿದ ಮೇಲೆ ಸರಿಯಾಯಿತು. ಮೇಷ್ಟ್ರು ತಿದಿ ಒತ್ತಿ ಪಂಚಮದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. "ಇದು ನಮ್ದು" ಅಂದರು. ಕಣ್ಣು ಒರೆಸಿಕೊಳ್ಳಲು ಹೆಗಲು ತಡವಿದರು, ಟವೆಲ್ ಇರಲಿಲ್ಲ.

ಈಗ ಉಮ್ಮತ್ತೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಕೆಲಸ ಮಾಡುತ್ತೇನೆ. ಮೇಷ್ಟ್ರು ಹೇಳಿ ಕಳಿಸಿದ ನಾಟಕದವರು ಬರುತ್ತಾರೆ, ಭಜನೆಯವರೂ ಬರುತ್ತಾರೆ. ಪೆಟ್ಟಿಗೆ ನೆಲಕ್ಕಿಡುವ ಮೊದಲೇ ನಾನು ಹೇಳಿಬಿಡುತ್ತೇನೆ: "ಇಲ್ಲಿ ರೀಡ್ನ ಬಾಯ್ಗಿಟ್ಟೇ ನೋಡೋದು. ಬ್ಯಾಡಾದ್ರೆ ಎತ್ಕಂಡೋಗಿ, ಬಸ್ಸದೆ." ಬಹಳ ಮಂದಿ ಕೂರುತ್ತಾರೆ. ಇಬ್ಬರು ಮುಖ ಸಿಂಡರಿಸಿಕೊಂಡು ಎತ್ತಿಕೊಂಡು ಹೋದರು. ಚಾಮರಾಜನಗರದ ಯಾವ ಅಂಗಡಿಗೆ ಒಯ್ದರು ಅಂತ ನನಗೆ ಗೊತ್ತು. ಅವರ ರೀಡುಗಳು ಈಗ ಯಾರ ಪೆಟ್ಟಿಗೆಯಲ್ಲಿವೆಯೋ, ಅದು ಮಾತ್ರ ಗೊತ್ತಿಲ್ಲ.